ಏಳು ದಿನದ ಮಾತು, ಐದು ದಿನದ ದಾರಿ

ಆಚೆಯೂರಿನ ಮಕ್ಕಳಿಗೆ ಗಣಿತ ಕಲಿಸಲು ಶುರುಮಾಡಿ ನನಗೆ ಹನ್ನೊಂದು ವರ್ಷವಾಗಿತ್ತು. ಅವರಲ್ಲಿ ಒಬ್ಬರ ತಲೆಯ ಮೇಲೂ ನಾನು ಕೈಯಿಟ್ಟವಳಲ್ಲ. ನಮ್ಮ ಶಾಲೆಯ ಹಿಂಬದಿಯ ಕೋಣೆಯಲ್ಲಿ ಒಂದು ದೊಡ್ಡ ಪರದೆ ಇದೆ, ಅದರ ನೆತ್ತಿಯ ಮೇಲೆ ಕ್ಯಾಮೆರಾ, ಮೇಜಿನ ಮೇಲೆ ಕುತ್ತಿಗೆ ಬಗ್ಗಿಸಿ ನಿಂತ ಮೈಕು. ದಿನಾ ಹನ್ನೊಂದು ಗಂಟೆಗೆ ನಾನು ಬೋರ್ಡಿನ ಮುಂದೆ ನಿಂತು ಪಾಠ ಹೇಳುತ್ತೇನೆ. ಕಲ್ಲುಬಯಲಿನ ಆಚೆ, ಅಲ್ಲಿಯ ಶಾಲೆಯ ಪರದೆಯಲ್ಲಿ, ಏಳನೆಯ ಇಯತ್ತೆಯ ಇಪ್ಪತ್ತಾರು ಮಕ್ಕಳು ಕೇಳುತ್ತಾರೆ. ಸೋಮವಾರ ಹೇಳಿದ್ದು ಅವರಿಗೆ ಸೋಮವಾರವೇ ತಲುಪುತ್ತದೆ. ಮುಂದಿನ ಸೋಮವಾರ.

ಏಳು ದಿನ. ಒಂದು ಗಳಿಗೆ ಹೆಚ್ಚಿಲ್ಲ, ಒಂದು ಗಳಿಗೆ ಕಡಿಮೆ ಇಲ್ಲ. ಫೋನಿನಲ್ಲಿ ಮಾತಾಡಿದರೂ ಅಷ್ಟೇ, ಪರದೆಯಲ್ಲಿ ಮುಖ ತೋರಿಸಿದರೂ ಅಷ್ಟೇ. ವರ್ಷಕ್ಕೊಮ್ಮೆ ಎಲ್ಲಿಂದಲೋ ಎಂಜಿನಿಯರುಗಳು ಬರುತ್ತಾರೆ, ತಂತಿ ಎಳೆದು ನೋಡುತ್ತಾರೆ, ಮಿರ್ಚಿ ತಿಂದು ಚಹಾ ಕುಡಿಯುತ್ತಾರೆ, ಎಲ್ಲ ಸರಿಯಾಗಿದೆ ಎಂದು ಬರೆದು ಸಹಿ ಹಾಕಿ ಹೋಗುತ್ತಾರೆ. ನಮಗೂ ಹಾಗೇ ಅನ್ನಿಸುತ್ತದೆ. ಕಲ್ಲುಬಯಲಿನಲ್ಲಿ ಗಾಲಿ ಉರುಳುವುದಿಲ್ಲ, ಉಪ್ಪು ಹೊರುವ ಕತ್ತೆಗಳ ಜೊತೆ ನಡೆದರೆ ಐದು ದಿನದ ದಾರಿ. ಹಾಗಾಗಿ ಅವಸರದ ಸುದ್ದಿಯಿದ್ದರೆ ನಾವು ನಡೆದುಕೊಂಡು ಹೋಗುತ್ತೇವೆ. ನಿಧಾನವಾಗಿ ತಲುಪಿದರೂ ನಡೆದೀತು ಅನ್ನುವಂಥದ್ದಕ್ಕೆ ಫೋನು ಮಾಡುತ್ತೇವೆ.

ಪಾಠ ಹೇಳುವವರು ಇದಕ್ಕೆ ತಕ್ಕಂತೆ ಪಳಗಬೇಕು. ಇವತ್ತು ನಾನು ಕೇಳಿದ ಪ್ರಶ್ನೆ ಅವರ ಕಿವಿಗೆ ಬೀಳಲು ಏಳು ದಿನ, ಅವರ ಉತ್ತರ ನನ್ನ ಕಿವಿಗೆ ಬೀಳಲು ಇನ್ನೇಳು ದಿನ. ನಾನು ಇಲ್ಲಿ ಭಿನ್ನರಾಶಿ ಹೇಳುವಾಗ ಎದುರಿನ ಪರದೆಯಲ್ಲಿ ಅವರು ಹದಿನಾಲ್ಕು ದಿನದ ಹಿಂದಿನ ಗುಣಾಕಾರಕ್ಕೆ ತಲೆಯಾಡಿಸುತ್ತಿರುತ್ತಾರೆ. ಅದಕ್ಕೆ ನನ್ನ ಹತ್ತಿರ ಒಂದು ಪ್ರಶ್ನೆ ಪುಸ್ತಕವಿದೆ. ಕೇಳಿದ ಪ್ರಶ್ನೆಯನ್ನೆಲ್ಲ ತಾರೀಖು ಹಾಕಿ ಬರೆದಿಟ್ಟುಕೊಂಡು, ಹದಿನಾಲ್ಕು ದಿನದ ಮೇಲೆ ಉತ್ತರವನ್ನು ಅದರ ಎದುರಿಗೆ ಬರೆಯುತ್ತೇನೆ. ಇನ್ನೊಂದು ಪದ್ಧತಿಯೂ ಉಂಟು. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲಿ ಇಪ್ಪತ್ತು ಎಣಿಸಬೇಕು. ಎದುರಿಗೆ ಯಾರೂ ಉತ್ತರ ಹೇಳುತ್ತಿರುವುದಿಲ್ಲ, ಆದರೂ ಎಣಿಸಬೇಕು. ಏಳು ದಿನದ ಮೇಲೆ ಅಲ್ಲಿ ಒಂದು ಮಗು ಎದ್ದು ನಿಂತು ಉತ್ತರ ಕೊಡಲು ಆ ಇಪ್ಪತ್ತರಷ್ಟು ಜಾಗ ಬೇಕು. ಈ ಚಾಳಿ ಮನೆಗೂ ಬಂದುಬಿಟ್ಟಿದೆ. ಉಪ್ಪು ಸಾಕಾ ಎಂದು ಯಜಮಾನರನ್ನು ಕೇಳಿ ನಾನು ಇಪ್ಪತ್ತು ಎಣಿಸಿ ಮುಗಿಸುವಷ್ಟರಲ್ಲಿ ಅವರು ಉಂಡು ಕೈ ತೊಳೆದಿರುತ್ತಾರೆ.

ನಾನು ಕಟ್ಟುನಿಟ್ಟಿನ ಹೆಂಗಸು. ಇದನ್ನು ಯಾರೋ ಹೇಳಬೇಕಾಗಿಲ್ಲ, ನಾನೇ ಹೇಳುತ್ತೇನೆ. ಮೊದಲ ವರ್ಷ ಆ ಕೋಣೆಯ ಕಿಟಕಿ ತೆರೆದೇ ಇರುತ್ತಿತ್ತು. ಕಿಟಕಿ ನನ್ನ ಬೆನ್ನ ಹಿಂದೆ, ಬೋರ್ಡಿನ ಪಕ್ಕಕ್ಕಿದೆ. ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತದೆ. ಆಚೆಯೂರಿನ ಎಷ್ಟೋ ಮಂದಿ ಕೆಲಸಕ್ಕೆ, ಔಷಧಕ್ಕೆ ನಮ್ಮೂರಿಗೆ ಬಂದು ಇರುತ್ತಾರಲ್ಲ, ಅವರೆಲ್ಲ ಹನ್ನೊಂದು ಗಂಟೆಗೆ ಕಿಟಕಿಗೆ ಬಂದು ಮುತ್ತುತ್ತಿದ್ದರು. ಒಬ್ಬ ತನ್ನ ಹೊಸ ಅಂಗಿ ತೋರಿಸುತ್ತಿದ್ದ, ಒಬ್ಬಳು ಹಡೆದ ಕೂಸನ್ನು ಎತ್ತಿ ಹಿಡಿಯುತ್ತಿದ್ದಳು. ಹದಿನಾಲ್ಕು ದಿನದ ಮೇಲೆ ನೋಡಿದರೆ ಮಕ್ಕಳು ಬೋರ್ಡು ಬಿಟ್ಟು ಕಿಟಕಿಯನ್ನೇ ನೋಡುತ್ತ ಕೂತಿರುತ್ತಿದ್ದರು. ನಾನು ಕಿಟಕಿಗೆ ಗಟ್ಟಿ ಬಾಗಿಲು ಹಾಕಿಸಿದೆ, ಅಗುಳಿ ಬಡಿಸಿದೆ. ಪಾಠದ ಹೊತ್ತಿನಲ್ಲಿ ಅದನ್ನು ಯಾರೂ ತೆಗೆಯಕೂಡದು. ಮಷೀನು ನೋಡಿಕೊಳ್ಳುವ ಇಮಾಮಸಾಬ ಹತ್ತು ವರ್ಷದಿಂದ ಒಂದು ದಿನವೂ ತಪ್ಪದೆ ಹತ್ತೂ ಐವತ್ತಕ್ಕೆ ಬಂದು ಅಗುಳಿ ಹಾಕುತ್ತಿದ್ದ. ಅವನು ಅದನ್ನು ಹಾಕುವ ಸದ್ದಿನಲ್ಲಿ ಒಂದಿಷ್ಟು ಅಸಮಾಧಾನ ಇರುತ್ತಿತ್ತು. ನಾನು ಕೇಳಿಸಿಕೊಂಡೂ ಕೇಳಿಸದಂತೆ ಇರುತ್ತಿದ್ದೆ.

ಹೋದ ಮಾಗಿಯಲ್ಲಿ, ಒಂದು ಭಾನುವಾರ, ರಾಚಪ್ಪ ಮಾಸ್ತರರು ತೀರಿಕೊಂಡರು. ಆ ಮಕ್ಕಳಿಗೆ ನನಗಿಂತ ಮೊದಲಿನಿಂದ ಪಾಠ ಹೇಳಿದವರು ಅವರು, ನನಗೆ ಇಪ್ಪತ್ತು ಎಣಿಸಲು ಕಲಿಸಿದವರೂ ಅವರೇ. ಶನಿವಾರದ ತನಕ ಪಾಠ ಮಾಡಿದ್ದರು. ಹಾಗಾಗಿ ಸತ್ತ ಮೇಲೂ ಇನ್ನೊಂದು ವಾರ ಅವರು ಆಚೆಯೂರಿನಲ್ಲಿ ಪಾಠ ಮಾಡಿದರು. ಸೋಮವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಜನ ನೆರೆದಿದ್ದರು. ಹನ್ನೊಂದಕ್ಕೆ ನಾನು ಕ್ಯಾಮೆರಾದ ಮುಂದೆ ನಿಂತು ಮಾಸ್ತರರು ಹೋದ ಸುದ್ದಿ ಹೇಳಿದೆ, ಎಲ್ಲರೂ ಎದ್ದು ಎರಡು ನಿಮಿಷ ತಲೆ ಬಗ್ಗಿಸಿ ನಿಲ್ಲಿರಿ ಎಂದೆ. ನಾನೂ ಕಣ್ಣು ಮುಚ್ಚಿ ನಿಂತೆ.

ಅದಾಗಿ ಹದಿನಾಲ್ಕನೆಯ ದಿನ, ಸೋಮವಾರ, ನಾನು ಪಾಠ ಶುರುಮಾಡದೆ ಪರದೆಯನ್ನೇ ನೋಡುತ್ತ ನಿಂತೆ. ಸುದ್ದಿ ಕೇಳಿದಾಗ ಆ ಮಕ್ಕಳ ಮುಖ ಹೇಗಾಗುತ್ತದೆ ಎಂದು ನೋಡಬೇಕಾಗಿತ್ತು. ಮಾಸ್ತರರಿಗೆ ಅಷ್ಟಾದರೂ ಸಲ್ಲಬೇಕು ಅನ್ನಿಸಿತ್ತು. ಮಕ್ಕಳು ಎದ್ದರು. ಕೆಲವರು ಅತ್ತರು. ಎಲ್ಲರ ತಲೆಯೂ ಬಗ್ಗಿತು. ಮೂರನೆಯ ಬೆಂಚಿನ ಫಕೀರವ್ವ ಮಾತ್ರ ತಲೆಯೆತ್ತಿ ನೇರ ಪರದೆಯನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಬಾಯಿ ಅಗಲವಾಯಿತು. ಹಲ್ಲು ಕಾಣುವ ಹಾಗೆ ನಕ್ಕಳು. ಆಮೇಲೆ ಕೈಯೆತ್ತಿ ಬೀಸಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಫಕೀರವ್ವ, ಎದ್ದು ನಿಲ್ಲು. ರಾಚಪ್ಪ ಮಾಸ್ತರು ಹ್ವಾದ್ರು ಅಂದಾಗ ಎಲ್ಲಾರೂ ತೆಲಿ ಬಗ್ಗಿಸಿದ್ರು, ನೀ ಹಲ್ಲು ಕಿಸದಿ. ಮ್ಯಾಲೆ ಕೈ ಬ್ಯಾರೆ ಬೀಸಿದಿ. ನಿಮ್ಮವ್ವ ಇದನ್ನ ಕಲಿಸಿ ಕಳಿಸ್ಯಾಳೇನು? ಯಾಕ ನಕ್ಕಿ, ಹೇಳು."

ಸಿಟ್ಟಿನಲ್ಲೂ ಅಭ್ಯಾಸ ಬಿಡಲಿಲ್ಲ. ಇಪ್ಪತ್ತು ಎಣಿಸಿದೆ. ಆಮೇಲೆ ಅಲ್ಲಿಯ ತರಗತಿ ನೋಡಿಕೊಳ್ಳುವ ತಿಪ್ಪೇರುದ್ರಪ್ಪನಿಗೆ ಹೇಳಿದೆ. "ತಿಪ್ಪೇರುದ್ರಪ್ಪ, ಹಾಜರಿ ಪುಸ್ತಕದಾಗ ಈಕಿ ಹೆಸರು ಹೊಡದು ಹಾಕ್ರಿ. ನಾಳೆಯಿಂದ ಈಕಿ ನನ್ನ ಕ್ಲಾಸಿಗೆ ಬರೂದು ಬ್ಯಾಡ."

ಇಮಾಮಸಾಬ ಮಷೀನಿನ ಹಿಂದಿನಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದ, ಮತ್ತೆ ಒಳಗೆ ಎಳೆದುಕೊಂಡ. ಹೆಸರು ಹೊಡೆಯುವುದು ಅಂದರೆ ಏನೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಆಚೆಯೂರಿನಲ್ಲಿ ಪರದೆಯ ಮೇಲಿನ ಮಾತೇ ಕಾಯಿದೆ. ಹೊಡೆದ ಹೆಸರನ್ನು ಮತ್ತೆ ಬರೆಯುವುದು ಮುಂದಿನ ಜೂನಿನಲ್ಲಿ. ಅಲ್ಲಿಯ ತನಕ ಮಗು ಉಪ್ಪಿನ ಆಗರಕ್ಕೆ ಕೆಲಸಕ್ಕೆ ಹೋಗುತ್ತದೆ. ನನ್ನ ಹನ್ನೊಂದು ವರ್ಷದಲ್ಲಿ ಹಾಗೆ ನಾಲ್ಕು ಹೆಸರು ಹೊಡೆಸಿದ್ದೆ. ನಾಲ್ವರಲ್ಲಿ ಒಬ್ಬರೂ ಮರಳಿ ಬೆಂಚಿಗೆ ಬರಲಿಲ್ಲ.

ಮಂಗಳವಾರದ ಪಾಠವೂ ಮುಗಿಯಿತು. ಸಂಜೆ ಐದರ ಸುಮಾರಿಗೆ ನಾನು ಪ್ರಶ್ನೆ ಪುಸ್ತಕ ಬಗಲಲ್ಲಿಟ್ಟುಕೊಂಡು ಹೊರಡುವಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಎರಡೂ ಕಂಕುಳಲ್ಲಿ ಊರುಗೋಲು, ಎಡಗಾಲಿಗೆ ಅರಿಷಿಣ ಹಚ್ಚಿದ ಬಟ್ಟೆಯ ಪಟ್ಟಿ. ಎಲುಬು ಕೂಡಿಸುವ ವೈದ್ಯರ ಜಗುಲಿಯ ಮೇಲೆ ಅವಳನ್ನು ನೋಡಿದ ನೆನಪಿತ್ತು, ಯಾರೆಂದು ಗೊತ್ತಿರಲಿಲ್ಲ.

"ಅಕ್ಕೋರ, ಬೈಬ್ಯಾಡ್ರಿ. ನಾ ಒಂದು ತಪ್ಪು ಮಾಡೀನಿ," ಎಂದಳು.

"ಏನು ತಪ್ಪು? ಒಳಗ ಬಾ, ಕೂಡು."

"ಕೂಡಾಂಗಿಲ್ರಿ, ನಿಂತಿರ್ತೀನಿ. ಏಳು ತಿಂಗಳು ಮಲಗೇ ಇದ್ದೀನಿ, ಈಗ ನಿಂದರೂದ ಚೊಲೊ ಅನಸ್ತೈತಿ." ಅವಳು ಸ್ವಲ್ಪ ಹೊತ್ತು ನೆಲ ನೋಡಿದಳು. "ಮಾಸ್ತರು ಹ್ವಾದ ಮರುದಿನ ಎಲ್ಲಾರೂ ಸಾಲಿಗೆ ಬಂದಿದ್ರಲ್ರಿ, ನಾನೂ ಬಂದಿದ್ದೆ. ಅವತ್ತ ಕಿಟಕಿ ತಗದಿತ್ತು. ಮಂದಿ ಭಾಳ ಇದ್ರು, ಅಗಳಿ ಹಾಕೂದು ಇಮಾಮಣ್ಣಗ ನೆಪ್ಪಾಗಿರಲಿಲ್ಲ ಕಾಣ್ತೈತಿ. ನೀವು ಕಣ್ಣು ಮುಚ್ಚಿ ನಿಂತಿದ್ರಿ. ನಾ ಕಿಟಕ್ಯಾಗ ನಿಂತೆ. ಊರುಗೋಲು ಎರಡೂ ಗ್ವಾಡಿಗೆ ಆನಿಸಿಟ್ಟು, ಬರೀ ಕಾಲ ಮ್ಯಾಲೆ ನಿಂತೆ. ಎರಡು ನಿಮಿಷ ಆತೋ ಇಲ್ಲೋ. ಇವತ್ತಿಗೆ ಹದಿನೈದು ದಿನ ಎಣಿಸೀನಿ. ನಿಮಗ ನಿನ್ನೆ ಕಂಡಿರಬೇಕು." ಅವಳು ತಲೆಯೆತ್ತಿದಳು. "ಅಕ್ಕೋರ, ನನ್ನ ಮಗಳು ನನ್ನ ನೋಡಿದ್ಲೇನ್ರಿ?"

ನಾನು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ. "ಯಾರು ನಿನ್ನ ಮಗಳು?"

"ಫಕೀರವ್ವರಿ. ಮೂರನೇ ಬೆಂಚು."

ಬಗಲಲ್ಲಿದ್ದ ಪ್ರಶ್ನೆ ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಅವಳು ಹೇಳುತ್ತಲೇ ಇದ್ದಳು. ಹೆಸರು ಯಲ್ಲವ್ವ. ಉಪ್ಪಿನ ಆಗರದಲ್ಲಿ ಬಿದ್ದು ತೊಡೆಯ ಎಲುಬು ಎರಡು ಕಡೆ ಮುರಿದಿತ್ತು. ಕತ್ತೆಯ ಮೇಲೆ ಹಲಗೆ ಕಟ್ಟಿ, ಅದರ ಮೇಲೆ ಅವಳನ್ನು ಮಲಗಿಸಿ ಇಲ್ಲಿಗೆ ತಂದಿದ್ದರು. ಮಗಳು ಕೊನೆಯ ಸಲ ಅವ್ವನನ್ನು ನೋಡಿದ್ದು ಆ ಹಲಗೆಯ ಮೇಲೆ. ಆಚೆಯೂರಿನಲ್ಲಿ ಹಾಗೆ ಹಲಗೆಯ ಮೇಲೆ ಹೋದವರು ತಿರುಗಿ ಬಂದದ್ದು ಕಡಿಮೆ.

"ಫೋನಿನಾಗ ನಾಕು ಸಲ ಹೇಳೀನ್ರಿ, ನಿಂತೀನಿ ಅಂತ. ಆಕಿ ನಂಬೂದಿಲ್ಲ. ನೀ ಸುಳ್ಳ ಹೇಳ್ತಿ ಅಂತಾಳ, ಅಳ್ತಾಳ. ಅದಕ್ಕ ಕಣ್ಣಲೆ ನೋಡ್ಲಿ ಅಂತ ನಿಂತೆ. ಕಿಟಕಿ ಕಾಯಿದೆ ನನಗ ಗೊತ್ತೈತ್ರಿ. ಇನ್ನೊಮ್ಮೆ ಮಾಡಾಂಗಿಲ್ಲ. ನೋಡಿದ್ಲೇನು ಅಷ್ಟ ಹೇಳ್ರಿ."

"ನೋಡಿದ್ಲು," ಎಂದೆ.

"ಏನ ಮಾಡಿದ್ಲು?"

"ನಕ್ಕಳು. ಹಲ್ಲು ಕಾಣೂಹಂಗ ನಕ್ಕಳು. ಕೈ ಬೀಸಿದ್ಲು."

ಯಲ್ಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ನನಗೆ ಕೈಮುಗಿಯಲು ಹೋಗಿ ಒಂದು ಊರುಗೋಲು ಕೆಡವಿದಳು. ಅದನ್ನು ಎತ್ತಿಕೊಟ್ಟೆ. ನಿನ್ನೆ ನಾನು ಅಂದದ್ದನ್ನು ಅವಳಿಗೆ ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಹನ್ನೊಂದು ವರ್ಷದಿಂದ ಮಕ್ಕಳಿಗೆ ಧೈರ್ಯವಾಗಿ ಉತ್ತರ ಹೇಳಿರಿ ಎನ್ನುತ್ತ ಬಂದವಳು ನಾನು.

ಆ ಮಾತು ಆಗಲೇ ಹೊರಟಾಗಿತ್ತು. ಸೋಮವಾರ ಹನ್ನೊಂದೂ ಐದರ ಸುಮಾರಿಗೆ ಇಪ್ಪತ್ತಾರು ಮಕ್ಕಳ ಎದುರಿಗೆ ಹೋಗಿ ಬೀಳುತ್ತದೆ. ಬುಧವಾರದ ಪಾಠದಲ್ಲಿ ತಪ್ಪಾಯಿತು ಎಂದು ಹೇಳಿದರೆ ಅದು ತಲುಪುವುದು ಬುಧವಾರ, ಹೆಸರು ಹೊಡೆದ ಎರಡು ದಿನಕ್ಕೆ. ಅಷ್ಟರಲ್ಲಿ ಫಕೀರವ್ವ ತನ್ನ ಅವ್ವನ ಕಾಲು ಮುರಿದ ಅದೇ ಆಗರದಲ್ಲಿ ಉಪ್ಪು ಎಳೆಯುತ್ತಿರುತ್ತಾಳೆ. ಟಪಾಲು ಹೊತ್ತು ನಡೆದು ಹೋಗುವವನು ಹೋದ ವಾರವೇ ಹೊರಟುಹೋಗಿದ್ದ. ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ. ಮಾತಿಗೆ ಏಳು ದಿನ, ಕಾಲಿಗೆ ಐದು. ಒಂದು ದಿನ ಆಗಲೇ ಹೋಗಿದೆ. ಬುಧವಾರ ಬೆಳಿಗ್ಗೆ ಬಿಟ್ಟರೆ ಭಾನುವಾರ ಸಂಜೆಗೆ ತಲುಪಬಹುದು.

"ಯಲ್ಲವ್ವ, ನಾ ನಾಳೆ ನಿಮ್ಮೂರಿಗೆ ಹೊಂಟೀನಿ. ಮಗಳಿಗೆ ಏನರ ಹೇಳೂದೈತೇನು?"

ಅವಳು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ನಾನು ಐವತ್ತಮೂರರ ದಪ್ಪ ಹೆಂಗಸು, ಸಂತೆಗೆ ಹೋಗಿ ಬಂದರೆ ಎರಡು ಕಡೆ ಕೂರುವವಳು. ಅವಳು ಒಂದು ಊರುಗೋಲನ್ನು ನನ್ನ ಕೈಗಿಟ್ಟಳು. "ಇದನ್ನ ಒಯ್ರಿ. ನನಗಿನ್ನ ಒಂದ ಸಾಕಾಗೇತಿ ಅಂತ ಹೇಳ್ರಿ. ಆಕಿ ನಂಬ್ತಾಳ."

ಯಜಮಾನರಿಗೆ ವಿಷಯ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ನಾನು ಇಪ್ಪತ್ತರ ತನಕ ಎಣಿಸಿದೆ. ಕೊನೆಗೆ ಎದ್ದು ಹೋಗಿ ನನ್ನ ಚಪ್ಪಲಿಯ ಬಾರು ಗಟ್ಟಿ ಮಾಡಿಸಿಕೊಂಡು ಬಂದರು.

ಖಾಲಿ ಗೋಣಿಯ ಕತ್ತೆಗಳನ್ನು ಹೊಡೆದುಕೊಂಡು ವಾಪಸು ಹೊರಟಿದ್ದ ಭರಮಣ್ಣನ ಜೊತೆ ನಾನು ಹೊರಟೆ. ಕಲ್ಲುಬಯಲಿನಲ್ಲಿ ನೋಡುವಂಥದ್ದು ಏನೂ ಇಲ್ಲ. ಕಲ್ಲು, ಅದರಾಚೆ ಕಲ್ಲು. ಮೊದಲೆರಡು ದಿನ ನಾನು ಕತ್ತೆಗಳಿಗಿಂತ ಮುಂದೆ ನಡೆದೆ. ಭರಮಣ್ಣನಿಗೆ ನಗು.

"ಅಕ್ಕೋರ, ಯಾರನ್ನ ಹಿಡಿಯಾಕ ಹಿಂಗ ಓಡಾಕ ಹತ್ತೀರಿ?"

"ನನ್ನ," ಎಂದೆ.

ಅವನು ಅದಕ್ಕೆ ಬೆರಗಾಗಲಿಲ್ಲ. ಅವನ ಅಜ್ಜನೂ ಒಮ್ಮೆ ಸಿಟ್ಟಿನಲ್ಲಿ ಫೋನು ಮಾಡಿ ಮಗಳ ಮದುವೆ ಮುರಿದು, ಮರುದಿನವೇ ಓಡುತ್ತ ಹೋಗಿ ಬೀಗರ ಮನೆಯ ಫೋನಿನ ಪಕ್ಕ ಕೂತು, ಅದು ಗಂಟೆ ಬಾರಿಸಿದ ಕೂಡಲೇ ತಾನೇ ಎತ್ತಿಕೊಂಡು ತನ್ನ ಬೈಗುಳ ತಾನೇ ಕೇಳಿದ್ದನಂತೆ. "ಮದವಿ ಆತ್ರಿ," ಎಂದ ಭರಮಣ್ಣ, "ನಮ್ಮವ್ವಂದ ಅದು."

ಮೂರನೆಯ ದಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ನಾಲ್ಕನೆಯ ದಿನ ಅದು ಒಡೆದು ಚಪ್ಪಲಿ ಹಾಕಲಾಗಲಿಲ್ಲ. ಅರ್ಧ ದಿನ ಒಂದು ಬಂಡೆಯ ನೆರಳಿನಲ್ಲಿ ಕಾಲು ಚಾಚಿ ಕೂತು ಕಳೆದೆ. ಅಷ್ಟು ಹೊತ್ತೂ ನನ್ನ ತಲೆಯ ಮೇಲಿನಿಂದ ನನ್ನ ದನಿ ಹೋಗುತ್ತಿದೆ, ನನ್ನನ್ನು ಹಿಂದೆ ಹಾಕುತ್ತಿದೆ ಅನ್ನಿಸುತ್ತಿತ್ತು. "ನಿಮ್ಮವ್ವ ಇದನ್ನ ಕಲಿಸಿ ಕಳಿಸ್ಯಾಳೇನು?" ನನ್ನ ಬಾಯಿಂದ ಬಂದ ಮಾತಿನಲ್ಲಿ ಅದಕ್ಕಿಂತ ಕೆಟ್ಟದ್ದು ನನಗೆ ನೆನಪಿಲ್ಲ. ಅಲ್ಲಿ ಕೂತು ನಾನು ಅತ್ತೆ. ಭರಮಣ್ಣ ಕತ್ತೆಗಳಿಗೆ ನೀರು ತೋರಿಸುವ ನೆಪದಲ್ಲಿ ಆಚೆ ಹೋದ.

ತಿರುಗಿ ಬಂದು ಒಂದು ಮುದಿ ಕತ್ತೆಯನ್ನು ನನ್ನ ಎದುರಿಗೆ ತಂದು ನಿಲ್ಲಿಸಿದ. "ಹತ್ರಿ," ಎಂದ. ಕತ್ತೆಯ ಮೇಲೆ ಕೂರಿಸಿ ಮೆರೆಸುವುದು ಎಂಥವರಿಗೆ ಮಾಡುವ ಮರ್ಯಾದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೆ ಅದು ಸರಿಯಾಗಿಯೇ ಇದೆ ಅನ್ನಿಸಿತು. ಹತ್ತಿದೆ.

ಆದರೂ ಹೋದ ಅರ್ಧ ದಿನ ಹೋದಂತೆಯೇ. ಆಚೆಯೂರಿನ ಮೊದಲ ಮನೆಗಳು ಕಂಡಾಗ ಸೋಮವಾರ ಬಿಸಿಲೇರಿತ್ತು. ಶಾಲೆ ಎಲ್ಲಿ ಎಂದು ಕೇಳಬೇಕಾಗಲಿಲ್ಲ. ಅಂಗಳದ ಆಚೆಯಿಂದ ನನ್ನದೇ ದನಿ ಕೇಳುತ್ತಿತ್ತು. ಅಷ್ಟು ಗಡಸು ದನಿ ನನ್ನದೆಂದು ನನಗೆ ಗೊತ್ತಿರಲಿಲ್ಲ. ಕತ್ತೆಯಿಂದ ಇಳಿದು, ಊರುಗೋಲು ಊರಿಕೊಂಡು, ಬರಿಗಾಲಿನಲ್ಲಿ ಕುಂಟುತ್ತ ಓಡಿದೆ. "ಯಾಕ ನಕ್ಕಿ, ಹೇಳು," ಎಂದಿತು ದನಿ. ಆಮೇಲೆ ಮೌನ. ನನ್ನ ಇಪ್ಪತ್ತು ಶುರುವಾಗಿತ್ತು.

ಅಂಗಳ ನಾನು ಎಣಿಸಿದ್ದಕ್ಕಿಂತ ಉದ್ದವಿತ್ತು. ಹನ್ನೊಂದೋ ಹನ್ನೆರಡೋ ಎಣಿಸುವಷ್ಟರಲ್ಲಿ ಬಾಗಿಲು ದೂಡಿಕೊಂಡು ಒಳಗೆ ಬಿದ್ದೆ. ಮಕ್ಕಳೆಲ್ಲ ತಿರುಗಿ ನೋಡಿದರು. ಪರದೆಯ ಮೇಲೆ ನಾನು, ಕೈಕಟ್ಟಿಕೊಂಡು, ಹುಬ್ಬು ಗಂಟು ಹಾಕಿಕೊಂಡು ನಿಂತಿದ್ದೆ. ಫಕೀರವ್ವ ಮೂರನೆಯ ಬೆಂಚಿನಲ್ಲಿ ಎದ್ದು ನಿಂತಿದ್ದಳು. ಪರದೆಯಲ್ಲಿ ನೋಡಿದ್ದಕ್ಕಿಂತ ಚಿಕ್ಕ ಹುಡುಗಿ. ನಾನು ಅವಳ ಪಕ್ಕಕ್ಕೆ ಹೋಗಿ ನಿಂತು ಪರದೆಗೆ ಉತ್ತರ ಹೇಳಿದೆ.

"ಈಕಿ ನಕ್ಕದ್ದು ಅವ್ವನ್ನ ನೋಡಿ. ನಿನ್ನ ಬೆನ್ನ ಹಿಂದ ಕಿಟಕ್ಯಾಗ ಅವರವ್ವ ನಿಂತಿದ್ಲು, ಏಳು ತಿಂಗಳಾದ ಮ್ಯಾಲೆ ತನ್ನ ಕಾಲ ಮ್ಯಾಲೆ ನಿಂತಿದ್ಲು. ನೀ ಕಣ್ಣು ಮುಚ್ಚಿದ್ದಿ, ನಿನಗ ಕಾಣಲಿಲ್ಲ. ಕೇಳದ ಮಾಡದ ಬಾಯಿಗೆ ಬಂದದ್ದು ಅಂದಿ. ತಪ್ಪು ನಿಂದು. ಈ ಹುಡುಗೀದು ಏನೂ ತಪ್ಪಿಲ್ಲ."

ಪರದೆಯ ಮೇಲಿನವಳು ಇಪ್ಪತ್ತು ಮುಗಿಸಿದಳು. ಅವಳಿಗೆ ಏನೂ ಕೇಳಿಸಿರಲಿಲ್ಲ. "ತಿಪ್ಪೇರುದ್ರಪ್ಪ, ಹಾಜರಿ ಪುಸ್ತಕದಾಗ ಈಕಿ ಹೆಸರು ಹೊಡದು ಹಾಕ್ರಿ," ಎಂದಳು.

ತಿಪ್ಪೇರುದ್ರಪ್ಪ ಎಂದರೆ ಬಿಳಿ ಟೋಪಿಯ, ಸಣ್ಣ ಮೈಯ, ಬಹಳ ನಿಯತ್ತಿನ ಮನುಷ್ಯ. ಹಾಜರಿ ಪುಸ್ತಕ ತೆರೆದಿದ್ದ, ಪೆನ್ನಿನ ಟೋಪಿ ತೆಗೆದಿದ್ದ. ಅವನು ಪರದೆಯ ಕಡೆ ನೋಡಿದ, ನನ್ನ ಕಡೆ ನೋಡಿದ, ಮತ್ತೆ ಪರದೆಯ ಕಡೆ ನೋಡಿದ.

"ಅಕ್ಕೋರ, ಯಾವ ಅಕ್ಕೋರ ಮಾತು ಕೇಳ್ಲಿರಿ?"

"ಕಾಲಾಗ ಬೊಬ್ಬಿ ಬಂದಾಕೀದು," ಎಂದೆ.

ಅವನು ಬಗ್ಗಿ ನನ್ನ ಕಾಲು ನೋಡಿದ. ಆಮೇಲೆ ಪೆನ್ನಿಗೆ ಟೋಪಿ ಹಾಕಿದ. ನಾನು ಪರದೆ ಬಂದ್ ಮಾಡು ಎಂದೆ. ಅಕ್ಕೋರು ಮಾತಾಡುವಾಗ ಬಂದ್ ಮಾಡಬಾರದೆಂದು ನೀವೇ ಹೇಳಿದ್ದೀರಿ ಎಂದು ಅವನು ಒಪ್ಪಲಿಲ್ಲ. ಹಾಗಾಗಿ ಉಳಿದ ಗಂಟೆಯನ್ನು ನಾನು ಮೂರನೆಯ ಬೆಂಚಿನಲ್ಲಿ ಕೂತು ಶೇಕಡಾವಾರು ಲೆಕ್ಕ ಕೇಳಿದೆ. ಬಹಳ ಬೇಗ ಬೇಗ ಹೇಳುತ್ತೇನೆ ನಾನು. ಎರಡು ಕಡೆ ನನಗೇ ಅರ್ಥವಾಗಲಿಲ್ಲ.

ಪಾಠ ಮುಗಿದ ಮೇಲೆ ಫಕೀರವ್ವ ಊರುಗೋಲನ್ನೇ ನೋಡುತ್ತಿದ್ದಳು. "ಇದು ನಮ್ಮವ್ವಂದಲ್ರಿ? ಆಕೀಗೆ ಏನಾತ್ರಿ?"

"ಏನೂ ಆಗಿಲ್ಲವ್ವ. ಇನ್ನ ಒಂದ ಸಾಕಾಗೇತಿ ಅಂತ. ಅದಕ್ಕ ಇದನ್ನ ನನಗ ಕೊಟ್ಲು."

ಅವಳು ಅದನ್ನು ಕೈಗೆ ತೆಗೆದುಕೊಂಡು, ಕಂಕುಳಿಗೆ ತಗಲುವ ಕಡೆ ಬಟ್ಟೆ ಸವೆದಿದ್ದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. "ಇದು ಇಲ್ಲೇ ಇರಲಿರಿ," ಎಂದು ಬೆಂಚಿನ ಪಕ್ಕಕ್ಕೆ ಆನಿಸಿಟ್ಟಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ, ತಪ್ಪಾಯಿತು ಅಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು, ಆಮೇಲೆ ನಾಚಿ ಸುಮ್ಮನಾದಳು. ನಾನು ಮತ್ತೆ ಕೇಳಲಿಲ್ಲ. ಬಂದ ಕೆಲಸ ಆಯಿತು ಎಂಬ ಸಮಾಧಾನದಲ್ಲಿದ್ದೆ. ನಿಜ ಹೇಳಬೇಕೆಂದರೆ, ಒಂದಿಷ್ಟು ಹೆಮ್ಮೆಯೂ ಇತ್ತು.

ಮಂಗಳವಾರ ಹೊರಟು ಭಾನುವಾರ ಮಧ್ಯಾಹ್ನ ನಮ್ಮೂರು ಮುಟ್ಟಿದೆ, ಹೆಚ್ಚುಕಡಿಮೆ ಪೂರ್ತಿ ದಾರಿ ಕತ್ತೆಯ ಮೇಲೆ. ಆ ಹನ್ನೆರಡು ದಿನ ಇಮಾಮಸಾಬ ಕ್ಯಾಮೆರಾದ ಮುಂದೆ ಕೂತು ಮಗ್ಗಿ ಹೇಳಿಸಿದ್ದನಂತೆ, ಹದಿನೇಳರ ಮಗ್ಗಿಯಲ್ಲಿ ಎರಡು ಸಲ ತಪ್ಪಿದ್ದನಂತೆ. ಸಂಜೆ ಯಲ್ಲವ್ವನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ, ನಾನು ಅವಳ ಮೇಲೆ ಅಂದ ಮಾತನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

"ಆಕಿ ನಕ್ಕದ್ದು ಖರೇ ಐತಿಲ್ರಿ?"

"ಖರೇ."

"ಹಂಗಾರ ಸಾಕು ಬಿಡ್ರಿ."

ಮರುದಿನ ಅವಳನ್ನು ಮಷೀನಿನ ಕೋಣೆಗೆ ಕರೆಸಿದೆ. ನಾನು ಅಲ್ಲಿಗೆ ಮುಟ್ಟಿದ ಸೋಮವಾರದ ತರಗತಿ ಇವತ್ತು ಬರುತ್ತದೆ, ಮಗಳನ್ನು ನೋಡಲಿ ಎಂದು. ಆದರೂ ನಾನು ನಾನೇ. ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಸ್ಟೂಲು ಹಾಕಿಸಿ ಕೂರಿಸಿದೆ. ಇಮಾಮಸಾಬ ಹತ್ತೂ ಐವತ್ತಕ್ಕೆ ಬಂದು ಕಿಟಕಿಯ ಅಗುಳಿ ಹಾಕಿದ.

ಹನ್ನೊಂದಕ್ಕೆ ಪರದೆ ಬೆಳಗಿತು. ಮಕ್ಕಳು ಕೂತಿದ್ದರು. ಅಲ್ಲಿಯ ಪರದೆಯಿಂದ ಅಲ್ಲಿಯ ಮೈಕಿಗೆ ಬಿದ್ದು, ಅಲ್ಲಿಂದ ತಿರುಗಿ ಬಂದ ನನ್ನ ದನಿ ಸಣ್ಣಗೆ ಕೇಳುತ್ತಿತ್ತು. ಫಕೀರವ್ವ ಎದ್ದು ನಿಂತಳು. ಯಲ್ಲವ್ವ ಸ್ಟೂಲಿನಿಂದ ಮುಂದಕ್ಕೆ ಬಾಗಿದಳು. "ಯಾಕ ನಕ್ಕಿ, ಹೇಳು," ಎಂದಿತು ನನ್ನ ದನಿ.

ನಾನು ಎಣಿಸತೊಡಗಿದೆ. ಒಂದು, ಎರಡು. ಮೂರಕ್ಕೆ ಫಕೀರವ್ವ ತಲೆಯೆತ್ತಿದಳು. ಅವಳು ಅಳುತ್ತಿರಲಿಲ್ಲ. ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಪಕ್ಕಕ್ಕೆ, ಕಿಟಕಿ ಇರುವ ಕಡೆಗಿತ್ತು.

"ನಮ್ಮವ್ವ ಕಿಟಕ್ಯಾಗ ನಿಂತಿದ್ಲರಿ, ಅಕ್ಕೋರ," ಎಂದಳು. ದನಿ ಸಣ್ಣದು, ಆದರೆ ಗಟ್ಟಿಯಾಗಿತ್ತು. "ತನ್ನ ಕಾಲ ಮ್ಯಾಲೆ ನಿಂತಿದ್ಲು. ಅದಕ್ಕ ನಕ್ಕೆ. ಮಾಸ್ತರು ಹ್ವಾದದ್ದಕ್ಕ ನಕ್ಕಿಲ್ರಿ." ಏಳು, ಎಂಟು. "ಈಗ ಮುಚ್ಚೈತಿ. ಒಮ್ಮೆ ತಗೀರಿ, ಅಕ್ಕೋರ."

ಹನ್ನೆರಡಕ್ಕೆ ಬಾಗಿಲು ದಢಾರನೆ ತೆರೆಯಿತು. ಕೆದರಿದ ತಲೆಯ ದಪ್ಪ ಹೆಂಗಸೊಬ್ಬಳು ಊರುಗೋಲು ಬಡಿಯುತ್ತ ಒಳಗೆ ನುಗ್ಗಿದಳು, ಹುಡುಗಿಯ ಪಕ್ಕ ನಿಂತಳು, ಹುಡುಗಿ ಆಗಲೇ ಹೇಳಿ ಮುಗಿಸಿದ್ದನ್ನು ಕೈ ಬೀಸಿ ಬೀಸಿ ಮತ್ತೆ ಹೇಳತೊಡಗಿದಳು. ಇಪ್ಪತ್ತಾರು ಮಕ್ಕಳು ಅವಳನ್ನು ತಾಳ್ಮೆಯಿಂದ ನೋಡುತ್ತಿದ್ದರು. ಹೇಳಿದ್ದಾಳೆ ಬಿಡ್ರಿ ಎಂದು ಒಬ್ಬರೂ ನನ್ನನ್ನು ತಡೆದಿರಲಿಲ್ಲ. ನನಗೆ ಆ ಕ್ಷಣ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಮಗುವಿಗೆ ನನ್ನ ಬೈಗುಳ ಲೆಕ್ಕಕ್ಕೇ ಇರಲಿಲ್ಲ. ಅವಳು ಒಂದೇ ಒಂದು ಕೇಳಿದ್ದಳು. ಅದನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ಅವಳ ಪಕ್ಕದಲ್ಲೇ ಕೂತಿದ್ದರೂ ನಾನು ಕೇಳಿರಲಿಲ್ಲ.

ಇಮಾಮಸಾಬ ಮಷೀನಿನ ಹಿಂದಿನಿಂದ ಹೊರಗೆ ಬಂದು ನಿಂತಿದ್ದ. ನಾನೇ ಹೋಗಿ ಅಗುಳಿ ತೆಗೆದೆ, ಎರಡೂ ಬಾಗಿಲನ್ನು ಗೋಡೆಗೆ ತಾಗುವ ತನಕ ತೆರೆದೆ. ಬಿಸಿಲು ನೆಲದ ಮೇಲೆ ಬಿತ್ತು.

"ಯಲ್ಲವ್ವ, ಇಲ್ಲಿ ಬಾ. ಕ್ಯಾಮೆರಾದ ಮುಂದ ನಿಲ್ಲು."

"ಬ್ಯಾಡ್ರಿ, ಅಕ್ಕೋರ. ಆಕಿ ಕಿಟಕಿ ಅಂದಾಳ. ನಾ ಹೊರಗ ಹೋಗಿ ನಿಂದರ್ತೀನಿ."

ಅವಳು ಹೊರಗೆ ಹೋದಳು. ಒಂದೇ ಊರುಗೋಲಿನ ಸದ್ದು ಗೋಡೆಯ ಗುಂಟ ಬಂತು, ಕಿಟಕಿಯ ಹತ್ತಿರ ನಿಂತಿತು. ಅದನ್ನು ಗೋಡೆಗೆ ಆನಿಸಿಟ್ಟದ್ದು ನನಗೆ ಕೇಳಿಸಿತು. ನಾನು ಮೈಕಿನ ಮುಂದೆ ಬಂದೆ. "ಫಕೀರವ್ವ, ಕಿಟಕಿ ತಗದೀನಿ, ನೋಡು," ಎಂದು ಹೇಳಿ ಇಪ್ಪತ್ತು ಎಣಿಸಿದೆ. ಮತ್ತೆ ಇಪ್ಪತ್ತು ಎಣಿಸಿದೆ. ಆಮೇಲೆ ಬೋರ್ಡಿನ ಕಡೆ ತಿರುಗಿ ಶೇಕಡಾವಾರು ಲೆಕ್ಕವನ್ನು ಮೊದಲಿನಿಂದ, ನಿಧಾನವಾಗಿ, ಹೇಳಲು ಶುರುಮಾಡಿದೆ. ಪಾಠ ಮುಗಿಯುವ ತನಕ ಯಲ್ಲವ್ವ ಕಿಟಕಿಯಲ್ಲಿ ನಿಂತೇ ಇದ್ದಳು. ಫಕೀರವ್ವನಿಗೆ ಅದು ಕಾಣುವುದು ಮುಂದಿನ ಸೋಮವಾರ.